ಸ್ಟೆಪ್ನಿ ಪುಟ್ಟಯ್ಯ

ಭದ್ರಾವತಿಯ ಪುಟ್ಟಯ್ಯ ಪಟ್ಟು ಹಿಡಿದನೆಂದರೆ ಮುಗಿಯಿತು, ಉಡವೇ ಸರಿ. ಕಾರ್ಖಾನೆಯ ಫೌಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ಒಂದೇ: ಎರಕ ಹೊಯ್ದ ಸಾಮಾನಿಗೆ ಎಕ್ಸ್-ರೇ ಹಿಡಿದು ಒಳಗೆಲ್ಲಿ ಬಿರುಕಿದೆ ಅಂತ ಹುಡುಕೋದು. ಹಾಗಾಗಿ 2006ರಲ್ಲಿ ಹತ್ತೊಂಬತ್ತರ ಮಗ ಪರಮೇಶ್ ಮೂರನೇ ಸಲ ಬೈಕಿನಿಂದ ಬಿದ್ದು ಕೈ ಮುರಿದುಕೊಂಡಾಗ ಅವನಿಗೆ ಹೊಳೆದದ್ದೂ ಅದೇ. ಹುಡುಗನ ತಲೆಯೊಳಗೇ ಎಲ್ಲೋ ಬಿರುಕಿರಬೇಕು! ಹೆಂಡತಿ ಶೇಷಮ್ಮ ಹಣೆ ಚಚ್ಚಿಕೊಂಡರೂ ಕೇಳದೆ ಮಗನನ್ನು ಶಿವಮೊಗ್ಗಕ್ಕೆ ಎಳೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದ. ಫಿಲ್ಮ್ ಸರಿಯಿದ್ದರೆ ಬೈಕಿನ ಕೀ ವಾಪಸ್ ಕೊಡ್ತೀನಿ ಅಂತ ಮಾತು ಬೇರೆ ಕೊಟ್ಟುಬಿಟ್ಟ, ಪುಣ್ಯಾತ್ಮ.

ಫಿಲ್ಮಿನಲ್ಲಿ ಗೆರೆಯಷ್ಟೂ ದೋಷವಿರಲಿಲ್ಲ. ಮಗನ ಮುಖ ಅರಳಿತು, ಅಪ್ಪನಿಗೆ ತಾನು ಕೊಟ್ಟ ಮಾತು ನೆನಪಾಯಿತು. ಡಾಕ್ಟರು ಹುಡುಗನನ್ನು ಹೊರಗೆ ಕಳಿಸಿ, ಇದು ಈ ಮಿಷನ್ನಿಗೆ ಕಾಣುವಂಥದ್ದಲ್ಲ ಎಂದರು. ಹೊರದೇಶದಲ್ಲಿ ಎಂಆರ್‌ಐ ಹಿಡಿದು ವರ್ಷಗಟ್ಟಲೆ ಮಕ್ಕಳ ಮಿದುಳು ನೋಡಿದ್ದಾರಂತೆ. ತಡಿ, ಯೋಚನೆ ಮಾಡು ಅನ್ನುವ ಭಾಗ ಹಣೆಯ ಹಿಂದೆ ಇದೆಯಂತೆ. ಅದು ಬಲಿಯೋದೇ ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತೈದರ ಹೊತ್ತಿಗೆ. ಮಜಾ ಬೇಡುವ ಭಾಗವೋ, ಹಾರ್ಮೋನು ಉಕ್ಕಿದ ವಯಸ್ಸಿನಲ್ಲೇ ಕುಣಿಯೋಕೆ ಶುರು ಮಾಡುತ್ತೆ. ಜೊತೆಗೊಬ್ಬ ಗೆಳೆಯನಿದ್ದರೆ ಹುಚ್ಚು ಇಮ್ಮಡಿ. ಪುಟ್ಟಯ್ಯನಿಗೆ ಅರ್ಥವಾಯಿತು. ಎರಕ ಕೆಟ್ಟಿಲ್ಲ, ಇನ್ನೂ ಆರಿಲ್ಲ ಅಷ್ಟೇ.

ಕೊಟ್ಟ ಮಾತಿಗೆ ತಪ್ಪುವ ಆಸಾಮಿಯಲ್ಲ ಅವನು. ಮಗನ ಕೈ ಕೂಡಿಕೊಂಡ ಮೇಲೆ ಕೀ ಕೊಟ್ಟ. ಹುಡುಗ ಬೈಕು ಸ್ಟಾರ್ಟ್ ಮಾಡಿದ್ದೇ ತಡ, ಪುಟ್ಟಯ್ಯ ಹೆಲ್ಮೆಟ್ ಹಾಕಿಕೊಂಡು ತಾನೇ ಹಿಂದೆ ಹತ್ತಿ ಕೂತ! ಗೆಳೆಯ ಕೂರುವ ಜಾಗದಲ್ಲಿ ಅಪ್ಪ ಕೂತರೆ ಗೆಳೆಯ ಎಲ್ಲಿ ಕೂರ್ತಾನೆ?

ಕಾಯಂ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡ. ಬೆಳಿಗ್ಗೆ ಮಗನ ಹಿಂದೆ ಶಿವಮೊಗ್ಗದ ಕಾಲೇಜಿಗೆ ಹೋಗೋದು, ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ನಿದ್ದೆ ಹೊಡೆಯೋದು, ಸಂಜೆ ಮತ್ತೆ ಮಗನ ಹಿಂದೆಯೇ ವಾಪಸ್ಸು. ಅವರ ಮನೆಯಿದ್ದ ಓಲ್ಡ್ ಟೌನಿನಲ್ಲಿ, ಗಾಡಿಯ ಹಿಂದೆ ಸದಾ ಅಂಟಿಕೊಂಡಿರುವ ಹೆಚ್ಚುವರಿ ಚಕ್ರದ ಹಾಗೆ, ಅವನಿಗೆ ಸ್ಟೆಪ್ನಿ ಅಂತ ಹೆಸರೇ ಬಿತ್ತು. ಪರಮೇಶನಿಗೆ ನಾಚಿಕೆಯಿಂದ ಸಾಯುವಂತಾಗಿತ್ತು. ತಿಂಗಳುಗಟ್ಟಲೆ ಅಪ್ಪನ ಜೊತೆ ಮಾತು ಬಿಟ್ಟ, ಸಿಟ್ಟಿಗೆ ಎಪ್ಪತ್ತು ಎಂಬತ್ತರಲ್ಲಿ ಓಡಿಸಿದ. ಪುಟ್ಟಯ್ಯನಿಗೆ ಜೀವ ಬಾಯಿಗೆ ಬರುತ್ತಿತ್ತು. ಆದರೂ ಇಳಿಯಲಿಲ್ಲ.

ಒಂದು ಬೆಳಿಗ್ಗೆ, ಪಾಳಿ ಮುಗಿಸಿ ನೇರ ಬಂದು ಕೂತವನು ದಾರಿಯಲ್ಲೇ ತೂಕಡಿಸಿದ. ಎದುರಿನ ಲಾರಿ ತಪ್ಪಿಸಲು ಪರಮೇಶ್ ಗಾಡಿ ವಾಲಿಸಿದಾಗ, ಹಿಂದಿನ ಭಾರ ಪಕ್ಕಕ್ಕೆ ಜಾರಿತು. ಅವನು ಹಿಂದಕ್ಕೆ ಕೈ ಹಾಕಿ ಅಪ್ಪನ ಅಂಗಿ ಗಪ್ಪನೆ ಹಿಡಿದುಕೊಂಡ. ಹೇಗೋ ಗಾಡಿಯನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದ.

“ನೀನು ಬಿದ್ದು ಹೋಗಿದ್ರೆ ನಾನೇನ್ ಮಾಡ್ಲಪ್ಪ?” ಅಂದ. ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು.

ಪುಟ್ಟಯ್ಯ ಕಣ್ಣುಜ್ಜಿಕೊಂಡ.

“ನಾನು ನಿದ್ದೆಗೆಟ್ಟಿರೋದೂ ಅದಕ್ಕೇ ಮಾರಾಯ.”