ಮುಯ್ಯಿಗೆ ಹೋದ ಕೈ

ಕನಕಮ್ಮನ ಪಾಲಿಗೆ ಕಾಶಿನಾಥ ವಕೀಲರು ಮೂರನೆಯವರು. ಮೊದಲನೆಯವರು ಅಕ್ಕಿ ಗಿರಣಿಯ ಹೆಸರು ಕೇಳುತ್ತಲೇ, "ಅವರು ನಮ್ಮ ಪಾರ್ಟಿ ಆಗ್ತಾರವ್ವ, ನಿನ್ನ ಕಡೆ ನಿಲ್ಲಾಕ ಬರಾಂಗಿಲ್ಲ" ಎಂದು ಕೈ ಮುಗಿದಿದ್ದರು. ಎರಡನೆಯವರು ಎಲ್ಲವನ್ನೂ ಕೇಳಿಸಿಕೊಂಡು ಮುಂದಿನ ವಾರ ಬಾ ಅಂದರು. ಮುಂದಿನ ವಾರ ಹೋದರೆ ಅದರ ಮುಂದಿನ ವಾರ ಅಂದರು. ಹೀಗೆ ಐದು ವಾರ, ಸಿದ್ದಾಪುರದ ಆಚೆಯ ತನ್ನ ಊರಿಂದ ಗಂಗಾವತಿಯವರೆಗೆ ಅವಳು ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿರದಿದ್ದರೆ ಎರಡನೇ ವಾರಕ್ಕೇ ಕೈ ಬಿಡುತ್ತಿದ್ದಳೇನೋ. ನಿಂತು ಹೋಗುವುದೇನೂ ಅವಳಿಗೆ ಹೊಸದಲ್ಲ, ಆದರೆ ಬಲಗೈಯಲ್ಲಿ ಕಂಬಿ ಹಿಡಿಯಲು ಬೆರಳು ಉಳಿದಿರಲಿಲ್ಲ.

ಮೂರನೆಯ ವಕೀಲರ ಆಫೀಸು ಜೆರಾಕ್ಸ್ ಅಂಗಡಿಯ ಮೇಲೆ, ಕಬ್ಬಿಣದ ಮೆಟ್ಟಿಲು. ಕನಕಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೇಲೆ ಹತ್ತಿದಳು. ಕಾಶಿನಾಥ ವಕೀಲರು ಕುಷ್ಟಗಿ ಕಡೆಯ ಒಕ್ಕಲುತನದ ಮನೆಯವರು, ಐವತ್ತು ದಾಟಿದವರು. ಗೆದ್ದ ಕೇಸಿಗಿಂತ ಮುಂದೆ ಹೋದ ಕೇಸು ಹೆಚ್ಚು ನೋಡಿದವರ ಮುಖ ಅವರದು.

"ಹಾಜರಿ ಪುಸ್ತಕದಾಗ ನಿನ್ನ ಹೆಸರು ಐತೇನವ್ವ?"

"ಇಲ್ರಿ. ಮುದಕಮ್ಮಂದು ಐತ್ರಿ."

"ಕೈ ಹೋಗಿದ್ದು ಯಾರದು?"

"ನಂದ್ರಿ."

"ಮತ್ತ ಮುದಕಮ್ಮನ ಜಾಗಾದಾಗ ನೀ ಯಾಕ ಇದ್ದಿ?"

"ಮುಯ್ಯಿಗೆ ಹೋಗಿದ್ನಿರಿ."

ವಕೀಲರು ಪೆನ್ನು ಕೆಳಗಿಟ್ಟರು. "ಹೊಲಕ್ಕ ಮುಯ್ಯಿ ಹೋಗಾದು ಕೇಳೀನಿ, ನಮ್ಮವ್ವನೂ ಹೋಗ್ತಿದ್ಲು. ಗಿರಣಿಗೆ ಮುಯ್ಯಿ ಹೋಗಾದು ಇವತ್ತ ಕೇಳಿದೆ ನೋಡು."

ಅವರು ಕೇಳದಿದ್ದರೆ ಅದು ಕನಕಮ್ಮನ ತಪ್ಪಲ್ಲ. ಅವಳ ತವರು ಅಳವಂಡಿ ಕಡೆಯ ಎರೆಭೂಮಿ. ಅಲ್ಲಿ ಕಳೆ ತೆಗೆಯುವುದರಿಂದ ಹಿಡಿದು ರಾಶಿಯವರೆಗೆ ಎಲ್ಲವೂ ಮುಯ್ಯಿಯ ಮೇಲೆ ನಡೆಯುತ್ತಿತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ, ಚೀಟಿ ಇಲ್ಲ, ಮಧ್ಯಾಹ್ನದ ಬುತ್ತಿ ಮಾತ್ರ ಕರೆದವರದು. ತೀರಿಸಿದ ದಿನ ಸಂಜೆ 'ತೀರಿತು' ಎಂದು ಬಾಯಿಬಿಟ್ಟು ಹೇಳಬೇಕು, ಅಲ್ಲಿಗೆ ಮುಗಿಯಿತು. ಮದುವೆಯಾಗಿ ಕಾಲುವೆ ಸೀಮೆಗೆ ಬಂದರೆ ಇಲ್ಲಿ ನಾಟಿಗೆ ಗುತ್ತಿಗೆಯ ಗ್ಯಾಂಗು, ಕೊಯ್ಲಿಗೆ ಮಷಿನ್ನು. ಮನುಷ್ಯರು ಮನುಷ್ಯರನ್ನು ಕರೆಯುವುದೇ ಇಲ್ಲವಲ್ಲ ಎಂದು ಅವಳಿಗೆ ಬೇಸರವಾಗಿತ್ತು. ಹಿಂದಿನ ಓಣಿಗೆ ಯಲಬುರ್ಗಾ ಕಡೆಯಿಂದ ಸೊಸೆಯಾಗಿ ಬಂದಿದ್ದ ಮುದಕಮ್ಮ ಸಿಕ್ಕ ಮೇಲೆ ಜೀವ ಬಂತು. ಮುದಕಮ್ಮ ಆರೇಳು ವರ್ಷಕ್ಕೆ ದೊಡ್ಡವಳು, ಮಾತು ಕಡಿಮೆ, ಹಟ ಜಾಸ್ತಿ. ಗೋಡೆ ಸಾರಿಸಲು, ಶಾವಿಗೆ ಹೊಸೆಯಲು, ಕಟ್ಟಿಗೆ ತರಲು, ಇಪ್ಪತ್ತೆರಡು ವರ್ಷ ಇಬ್ಬರ ನಡುವೆ ಮುಯ್ಯಿ ನಡೆಯಿತು. ಯಾರೂ ಒಂದು ದಿನ ಉಳಿಸಿಕೊಂಡವರಲ್ಲ.

ಮುದಕಮ್ಮನ ಹೆಸರು ಗಿರಣಿಯ ಪುಸ್ತಕಕ್ಕೆ ಹತ್ತಿದ ಮೇಲೆ ಮುಯ್ಯಿ ಅಲ್ಲಿಗೂ ಹೋಯಿತು. ಅವಳಿಗೆ ಜ್ವರ ಬಂದ ದಿನ, ಅವಳು ಬೀಗರೂರಿಗೆ ಹೋದ ದಿನ ಕನಕಮ್ಮ ಹೋಗುತ್ತಿದ್ದಳು. ಗಿರಣಿಯ ಗುಮಾಸ್ತ ತಲೆ ಎಣಿಸುತ್ತಿದ್ದನೇ ಹೊರತು ಮುಖ ನೋಡುತ್ತಿರಲಿಲ್ಲ. ಪುಸ್ತಕದಲ್ಲಿ ಹನ್ನೊಂದು ಹೆಸರು, ಅಂಗಳದಲ್ಲಿ ಹನ್ನೊಂದು ತಲೆ. ಅವನಿಗೆ ಅಷ್ಟು ಸಾಕಾಗಿತ್ತು, ಇವರಿಗೂ ಸಾಕಾಗಿತ್ತು.

ಕಳೆದ ಕಾರ್ತಿಕದಲ್ಲಿ ಮುದಕಮ್ಮನ ಮಗಳಿಗೆ ಕುಷ್ಟಗಿಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡಿತು. "ಕನಕಿ, ನಾಳೆ ಒಂದಿನ ನನ್ನ ಬದಲಿ ಹೋಗಿ ಬಾರ" ಎಂದು ಹೇಳಿ ಅವಳು ಬಸ್ಸು ಹತ್ತಿದಳು. ಮರುದಿನ ಗಿರಣಿಯಲ್ಲಿ ಭತ್ತ ಮೇಲೆತ್ತುವ ಪಟ್ಟಾದ ಬುಡದ ಗುಂಡಿಯಲ್ಲಿ ಭತ್ತ ಕಟ್ಟಿಕೊಂಡಿತು. ಕಟ್ಟಿಕೊಂಡರೆ ಕೈ ಹಾಕಿ ಕೆದರುವುದು ರೂಢಿ. ಪಟ್ಟಾ ನಿಲ್ಲಿಸಿದರೆ ಗುಮಾಸ್ತ ಬೈಯುತ್ತಾನೆಂದು ಯಾರೂ ನಿಲ್ಲಿಸುತ್ತಿರಲಿಲ್ಲ. ಕನಕಮ್ಮ ಕೈ ಹಾಕಿದಳು. ಹೆಬ್ಬೆರಳು, ಕಿರುಬೆರಳು ಬಿಟ್ಟು ನಡುವಿನ ಮೂರೂ ಹೋದವು.

ಗುಮಾಸ್ತ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದ, ಬಿಲ್ಲನ್ನೂ ಕಟ್ಟಿಸಿದ. ಅಲ್ಲಿಯವರೆಗೆ ಅವನು ದೇವರಂಥವನೇ. ಆದರೆ ಆಸ್ಪತ್ರೆಯ ಕಾಗದದಲ್ಲಿ, 'ಮನೆಯಲ್ಲಿ ಮೇವು ಕತ್ತರಿಸುವ ಮಷಿನ್ನಿಗೆ ಕೈ ಸಿಕ್ಕಿದೆ' ಎಂದು ಬರೆಸಿದ್ದ. ಕನಕಮ್ಮನ ಮನೆಯಲ್ಲಿ ಇದ್ದದ್ದು ಎರಡು ಕೋಳಿ. ಕೋಳಿಗೆ ಯಾರು ಮೇವು ಕತ್ತರಿಸಿ ಹಾಕುತ್ತಾರೆ?

ಇಷ್ಟನ್ನೂ ಕೇಳಿ ಕಾಶಿನಾಥ ವಕೀಲರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮರುಕದಿಂದಲ್ಲ, ಬೆಳಗಿನಿಂದ ಕಾಗದ ನೋಡಿ ದಣಿದಿದ್ದರು.

"ನೋಡವ್ವ, ಒಂದಿನ ದುಡದ್ರೂ ಪರಿಹಾರ ಕೇಳಾಕ ಹಕ್ಕೈತಿ. ಆದ್ರ ಆ ದಿನ ಅಲ್ಲಿ ದುಡದಾಕಿ ನೀನ ಅಂತ ಯಾರರ ಹೇಳಬೇಕಲ್ಲ? ಪುಸ್ತಕ ಮುದಕಮ್ಮ ಅಂತೈತಿ, ಆಸ್ಪತ್ರಿ ಮೇವು ಅಂತೈತಿ. ಉಳಿದ ಹೆಂಗಸರು?"

"ಕೇಳೀನ್ರಿ. ಯಾರೂ ಬರಾಂಗಿಲ್ರಿ."

"ಹಂಗಾರ ಮುದಕಮ್ಮ ಒಬ್ಬಾಕಿನ. 'ಆ ದಿನ ನಾ ಕುಷ್ಟಗ್ಯಾಗ ಇದ್ದೆ, ನನ್ನ ಬದಲಿ ಈಕಿ ಹೋಗಿದ್ಲು' ಅಂತ ಆಕಿ ಹೇಳಬೇಕು. ಅವರ ವಕೀಲ ಬಿಡಾಂಗಿಲ್ಲ. ಈಕೀಗೂ ನಿನಗೂ ಕೊಡಾದು ತಗೊಳ್ಳಾದು ಏನೈತಿ, ಯಾವ ಹಂಗಿಗೆ ಸಾಕ್ಷಿ ಹೇಳಾಕ ಬಂದಿ ಅಂತ ಕೇಳ್ತಾನ. ಸೋಮವಾರ ಕರ್ಕೊಂಡು ಬಾ. ಆಕಿ ಬಂದ್ರ ಕೇಸೈತಿ, ಇಲ್ಲಂದ್ರ ಇಲ್ಲ."

ಮುದಕಮ್ಮನನ್ನು ಕೇಳುವುದೇ ಕನಕಮ್ಮನಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಕೈ ಹೋದ ಮೊದಲ ತಿಂಗಳು ಮುದಕಮ್ಮ ದಿನವೂ ಬಂದು ರೊಟ್ಟಿ ಬಡಿದು ಕೊಟ್ಟಿದ್ದಳು, ತಲೆ ಬಾಚಿದ್ದಳು. ಕಷ್ಟಕ್ಕೆ ಮಾಡಿದ್ದು ಮುಯ್ಯಿಗೆ ಸೇರುವುದಿಲ್ಲ, ಅದು ಇಬ್ಬರಿಗೂ ಗೊತ್ತು. ಆಮೇಲೆ ಗುಮಾಸ್ತ ಅವಳನ್ನು ಕರೆದು, "ಉಂಡ ಮನಿ ಜಂತಿ ಎಣಸಬ್ಯಾಡ ಮುದಕಮ್ಮ" ಎಂದನಂತೆ. ಅಂದಿನಿಂದ ಬರುವುದು ವಾರಕ್ಕೊಮ್ಮೆ ಆಯಿತು, ಆಮೇಲೆ ಅದೂ ನಿಂತಿತು. ಅವಳ ಗಂಡ ಹಾಸಿಗೆ ಹಿಡಿದು ಮೂರು ವರ್ಷ, ಮನೆ ನಡೆಯುವುದು ಗಿರಣಿಯ ಪಗಾರದಿಂದ. ಇದೆಲ್ಲ ಗೊತ್ತಿದ್ದೂ ಕನಕಮ್ಮನಿಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ತನಗಾದರೂ ಗಂಡ ಸತ್ತು ಆರು ವರ್ಷವಾಗಿದೆ, ಮಗಳು ಅಮೃತಾ ಪಿಯುಸಿ ಓದುತ್ತಿದ್ದಾಳೆ, ಒಂದೂವರೆ ಕೈಗೆ ಕೂಲಿಗೆ ಕರೆಯುವವರು ಯಾರು?

ಹೋದಾಗ ಮುದಕಮ್ಮ ಕಟ್ಟೆಯ ಮೇಲೆ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಮಗಳು ಕೂಸಿನೊಂದಿಗೆ ತವರಿಗೆ ಬಂದಿದ್ದಳು. ಆ ಕೂಸು ಹುಟ್ಟಿದ ದಿನವೇ ತನ್ನ ಬೆರಳು ಹೋದದ್ದು ಎಂಬುದನ್ನು ಕನಕಮ್ಮ ಬಾಯಲ್ಲಿ ತರಲಿಲ್ಲ. ವಕೀಲರು ಹೇಳಿದ್ದನ್ನು ಮಾತ್ರ ಹೇಳಿದಳು.

"ಅಲ್ಲಿ ಏನೇನ ಕೇಳ್ತಾರಂತ?" ಎಂದಳು ಮುದಕಮ್ಮ.

ಕನಕಮ್ಮ ಒಂದೂ ಬಿಡದೆ ಹೇಳಿದಳು, ಕೊಡುವುದು ತೆಗೆದುಕೊಳ್ಳುವುದರ ಪ್ರಶ್ನೆಯನ್ನೂ ಹೇಳಿದಳು. ಮುದಕಮ್ಮ ಕೂಸಿನ ಬೆನ್ನು ತಟ್ಟಿ ತಟ್ಟಿ ನಿದ್ದೆ ಹತ್ತಿಸಿದಳು.

"ಕೋರ್ಟಿನಾಗ ಗೆದ್ದಾವ ಸೋತ, ಸೋತಾವ ಸತ್ತ ಅಂತಾರ ಕನಕಿ" ಎಂದಳು ಕೊನೆಗೆ. "ಹೊತ್ತಾತು, ಮನಿಗೆ ಹೋಗು." ಕೂಸನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಗುರುವಾರ ಗಿರಣಿಗೆ ವಾರದ ರಜೆ. ದನ ಬಿಡುವ ಹೊತ್ತಿಗೆ ಮುದಕಮ್ಮ ಕಳೆ ತೆಗೆಯುವ ಕುರ್ಪಿ ಹಿಡಿದು ಕನಕಮ್ಮನ ಅಂಗಳದಲ್ಲಿ ನಿಂತಿದ್ದಳು.

"ನಿಂದೊಂದಿನ ನನ್ನ ಮ್ಯಾಲ ಉಳದೈತಿ. ಇವತ್ತ ತೀರಸ್ತೀನಿ."

ಕನಕಮ್ಮ ಅವಳ ಕೈಯ ಕುರ್ಪಿ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಕರೆಯದೆ ತೀರಿಸಲು ಬಂದವಳಲ್ಲ ಇವಳು. ಈಗ ಬಂದಿದ್ದಾಳೆಂದರೆ ಹಂಗು ಹರಿದುಕೊಳ್ಳಲು ಬಂದಿದ್ದಾಳೆ, ಇನ್ನು ಮೇಲೆ ಯಾವ ಮುಖ ಇಟ್ಟುಕೊಂಡು ಸಾಕ್ಷಿಗೆ ಬಾ ಎಂದು ಕರೆಯುವುದು? ಆದರೆ ತೀರಿಸಲು ಬಂದ ಮುಯ್ಯಿಯನ್ನು ಬೇಡ ಅನ್ನುವಂತಿಲ್ಲ. ಗಂಡ ಬಿಟ್ಟುಹೋದ ಹತ್ತು ಗುಂಟೆಯಲ್ಲಿ ಮೆಣಸಿನ ಗಿಡ ಕಾಣದಷ್ಟು ಕಳೆ ಬೆಳೆದಿತ್ತು. ತೋರಿಸಿದಳು.

ಮುದಕಮ್ಮ ಇಡೀ ದಿನ ಸೊಂಟ ನೆಟ್ಟಗೆ ಮಾಡಲಿಲ್ಲ. ಕನಕಮ್ಮ ಎಡಗೈಯಲ್ಲಿ ಕಿತ್ತ ಕಳೆಯನ್ನು ಬದುವಿಗೆ ಎಸೆಯುತ್ತ ಅವಳ ಹಿಂದೆ ಸಾಗಿದಳು. ಮಧ್ಯಾಹ್ನ ಅಮೃತಾ ಬಡಿದಿಟ್ಟು ಹೋಗಿದ್ದ ರೊಟ್ಟಿ, ಪುಂಡಿಪಲ್ಲೆ ಬಿಚ್ಚಿ ಮುಂದಿಟ್ಟರೆ ಮುದಕಮ್ಮ, "ಹುಡುಗಿ ರೊಟ್ಟಿ ತೆಳ್ಳಗ ಬಡೀತಾಳ" ಎಂದಳು. ಸಂಜೆಯವರೆಗೆ ಹೊಲದಲ್ಲಿ ಆಡಿದ ಮಾತು ಅದೊಂದೇ.

ದನ ಮನೆಗೆ ಬರುವ ಹೊತ್ತಿಗೆ ಕುರ್ಪಿಯ ಮಣ್ಣು ಒರೆಸಿ ಎದ್ದಳು. "ತೀರಿತೇನು?"

ಕನಕಮ್ಮ ತಲೆ ಆಡಿಸಿದಳು.

"ಬಾಯಿಲೆ ಹೇಳು."

"ತೀರಿತಕ್ಕ. ನಿಂದೇನೂ ಉಳದಿಲ್ಲ."

ಮುದಕಮ್ಮ ತಿರುಗಿ ನೋಡದೆ ಹೋದಳು. ಕನಕಮ್ಮ ಬದುವಿನ ಮೇಲೆ ಕೂತು ಅತ್ತಳು. ಬೆರಳು ಹೋದಾಗಲೂ ಅವಳು ಹೀಗೆ ಅತ್ತಿರಲಿಲ್ಲ.

ಸೋಮವಾರ ಅವಳು ಒಬ್ಬಳೇ ಗಂಗಾವತಿಗೆ ಹೋದಳು. ಹೋಗದೆಯೂ ಇರಬಹುದಿತ್ತು, ಆದರೆ ಬರುತ್ತೇನೆಂದು ಮಾತು ಕೊಟ್ಟಿದ್ದಳು.

"ಸಾಕ್ಷಿ?" ಎಂದರು ವಕೀಲರು.

"ಇಲ್ರಿ."

ಅವರು ಅವಳ ಮುಖ ನೋಡಿದರು, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದರು. "ಇಷ್ಟು ದೂರ ಬಂದೀ ಅಂದಮ್ಯಾಲ ಹಾಕ್ತೀನವ್ವ. ನಿಲ್ಲಾಂಗಿಲ್ಲ ಅಂತ ಮೊದಲ ಹೇಳಿರ್ತೀನಿ. ವಕಾಲತ್ತಿಗೆ ಸಹಿ ಮಾಡು."

ಹುಡುಗಿಯಾಗಿದ್ದಾಗ ಅಳವಂಡಿ ಕಡೆಯ ರಾತ್ರಿ ಶಾಲೆಯಲ್ಲಿ ಅವಳು ಸಹಿ ಕಲಿತಿದ್ದಳು. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವವರ ಸಾಲಿನ ನಡುವೆ ನಿಂತು ತನ್ನ ಹೆಸರನ್ನು ನಾಲ್ಕು ಅಕ್ಷರದಲ್ಲಿ ಬರೆಯುವಾಗ ಅವಳಿಗೆ ಎಷ್ಟು ಹೆಮ್ಮೆ! ಈಗ ಪೆನ್ನು ನಿಲ್ಲಲಿಲ್ಲ. ವಕೀಲರು ಶಾಯಿಯ ಡಬ್ಬಿ ಮುಂದೆ ತಳ್ಳಿದರು. ಅವಳು ಹೆಬ್ಬೆರಳು ಒತ್ತಿದಳು.

ಅಷ್ಟರಲ್ಲಿ ಕಬ್ಬಿಣದ ಮೆಟ್ಟಿಲು ಸದ್ದಾಯಿತು. ಏದುಸಿರು ಬಿಡುತ್ತ, ಬಾಗಿಲ ಚೌಕಟ್ಟು ಹಿಡಿದು ನಿಂತವಳು ಮುದಕಮ್ಮ.

"ಹಿಂದಿನ ಬಸ್ಸಿಗೆ ಬಂದೆ" ಎಂದಳು. ಆಮೇಲೆ ವಕೀಲರ ಕಡೆಗೆ ತಿರುಗಿದಳು. "ನಾನ್ರಿ ಮುದಕಮ್ಮ. ಆ ದಿನ ನಾ ಕುಷ್ಟಗ್ಯಾಗ ಇದ್ನಿರಿ. ಗಿರಣಿಗೆ ಹೋಗಿದ್ದು ಈಕಿ. ಎಲ್ಲಿ ಬೇಕಾರ ಹೇಳ್ತೀನಿ."

ವಕೀಲರು ಕುರ್ಚಿ ತೋರಿಸಿದರು. "ಕುಂದ್ರವ್ವ. ನೀ ಇದನ್ನ ಯಾವ ಹಂಗಿಗೆ ಹೇಳಾಕತ್ತಿ? ನಿನಗೂ ಈಕೀಗೂ ಕೊಡಾದು ತಗೊಳ್ಳಾದು ಏನರ ಐತೇನು?"

"ಇತ್ತರಿ ಸಾಹೇಬ್ರ, ಒಂದಿನದ್ದು. ಗುರುವಾರ ಸಂಜಿಗೆ ತೀರಿತು. ಪ್ರಮಾಣ ಮಾಡಿ ಸುಳ್ಳು ಹೇಳಾಕ ನನ್ನಿಂದ ಆಗಾಂಗಿಲ್ರಿ, ಅದಕ್ಕ ಮೊದಲ ತೀರಿಸೀನಿ. ಈಕೀ ಬಾಯಿಲೆನ ಅನ್ನಿಸೀನಿ, ಕೇಳ್ರಿ."

ಕನಕಮ್ಮ ಹೌದೆಂದು ತಲೆ ಆಡಿಸಿದಳು. ನಾಲ್ಕು ದಿನ ಇವಳನ್ನು ಮನಸ್ಸಿನಲ್ಲಿ ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ವಕೀಲರು ಹೊಸ ಹಾಳೆ ತೆಗೆದುಕೊಂಡು ಬರೆಯತೊಡಗಿದರು. ಬರೆದು ಮುಗಿಸಿ, ಮೊದಲ ತಾರೀಖು ಬರಲು ಎರಡು ಮೂರು ತಿಂಗಳು ಹಿಡಿದೀತು, ಮುಗಿಯಲು ಎಷ್ಟೋ ತಾನೂ ಹೇಳಲಾರೆ ಎಂದರು. ಇಬ್ಬರೂ ಆಗಲಿ ಎಂದರು.

ಬಸ್ ಸ್ಟ್ಯಾಂಡಿನ ಕಲ್ಲಿನ ಬೆಂಚಿನಲ್ಲಿ ಒಂದು ಚಹಾವನ್ನು ಎರಡು ಲೋಟಕ್ಕೆ ಮಾಡಿಕೊಂಡು ಕೂತರು.

"ಇವತ್ತ ಗಿರಣಿಗೆ ನಿನ್ನ ಬದಲಿ ಯಾರು ಹೋಗ್ಯಾರಕ್ಕ?"

"ಯಾರೂ ಹೋಗಿಲ್ಲ. ಇನ್ನ ಅಲ್ಲಿ ನನ್ನ ಹೆಸರು ಎಲ್ಲಿ ಉಳೀತೈತಿ? ನಾಟಿ ಗ್ಯಾಂಗಿಗೆ ಹೇಳೀನಿ, ಕರೀತಾರ." ಮುದಕಮ್ಮ ಮೊಣಕಾಲು ನೀವಿಕೊಂಡಳು. ಆ ಮೊಣಕಾಲಿನಲ್ಲಿ ಕೆಸರಿಗಿಳಿದು ಎಷ್ಟು ದಿನ ನಾಟಿ ಹಚ್ಚುತ್ತಾಳೆಂದು ಕನಕಮ್ಮ ಕೇಳಲಿಲ್ಲ.

"ಹಂಗಾರ ಈಗ ನನ್ನ ಮ್ಯಾಲ ಒಂದಿನ ಆತಲ್ಲಕ್ಕ" ಎಂದಳು.

ಮುದಕಮ್ಮ ಸಿಟ್ಟಿನಿಂದ ಅವಳ ತೊಡೆ ಚಿವುಟಿದಳು. "ಸುಮ್ಮನ ಕುಂದ್ರಬೇ. ಕೋರ್ಟು ಮುಗಿಯೋತನ ಆ ಮಾತ ಬಾಯಾಗ ತರಬ್ಯಾಡ."

ಸಿದ್ದಾಪುರದ ಬಸ್ಸು ಬಂತು. ಆಗಲೇ ತುಂಬಿತ್ತು. ಇಬ್ಬರೂ ಹತ್ತಿ ನಿಂತರು. ಮುದಕಮ್ಮ ಕಂಬಿ ಹಿಡಿದಳು, ಕನಕಮ್ಮ ಮುದಕಮ್ಮನ ತೋಳು ಹಿಡಿದಳು.