ಬೆದ್ರಿಯೆ ಅತ್ತೆ ಕೊಂಡ ಮನೆ

ಆ ವರ್ಷ ನಮ್ಮ ಬಂದರು ಊರಾದ ವ್ಲೋರಾದಲ್ಲಿ ದುಡಿಯುವವರೇ ದಡ್ಡರು ಎನ್ನುವಂತಾಗಿತ್ತು. ಹೊಸದಾಗಿ ಎದ್ದ ಬಡ್ಡಿ ಕಂಪನಿಗೆ ಹಣ ಕಟ್ಟಿದರೆ ಸಾಕು, ತಿಂಗಳು ತಿಂಗಳು ಕೈತುಂಬ ಬಡ್ಡಿ. ಮೀನುಗಾರರು ದೋಣಿ ಮಾರಿ ಕಟ್ಟಿದರು, ಹಳ್ಳಿಯವರು ಹಸು ಮಾರಿ ಕಟ್ಟಿದರು. ಸಮುದ್ರದ ದಂಡೆಯ ಕಾಫಿ ಅಂಗಡಿಗಳಲ್ಲಿ ಬೆಳಗ್ಗೆಯೇ ಕುರ್ಚಿ ಸಿಗುತ್ತಿರಲಿಲ್ಲ. ರೊಟ್ಟಿಗಾಗಿ ಸಾಲು ನಿಂತೇ ಸವೆದಿದ್ದ ನಮಗೆ ಕೊನೆಗೂ ಒಳ್ಳೆಯ ಕಾಲ ಬಂತೆಂದೇ ತೋರಿತು. ನಾನೂ ಕಟ್ಟಿದೆ. ಕಟ್ಟದವರು ಯಾರಿದ್ದರು?

ನಮ್ಮ ಬೀದಿಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಲ್ಲದೆ ಇದ್ದದ್ದು ಬೀದಿಗೆಲ್ಲ ಅತ್ತೆಯಾಗಿದ್ದ ಬೆದ್ರಿಯೆ ಅತ್ತೆಯ ಮನೆಯಲ್ಲಿ ಮಾತ್ರ. ಗಂಡ ತೀರಿಕೊಂಡಿದ್ದರು, ಒಬ್ಬನೇ ಮಗ ಗ್ರೀಸ್‌ನಲ್ಲಿ ಗಾರೆ ಕೆಲಸದಲ್ಲಿದ್ದ. ಹಾಗೆಂದು ಅವರಿಗೆ ಆಸೆ ಇರಲಿಲ್ಲವೆಂದಲ್ಲ. ಮದುವೆಯ ಬಂಗಾರದ ಬಳೆ ಮಾರಿ ಅವರೂ ಕಂಪನಿಗೆ ಕಟ್ಟಿದ್ದರು; ಮೊದಲ ಬಡ್ಡಿಯಲ್ಲಿ ಇಟಲಿಯ ಕೆಂಪು ಬೂಟು ಕೊಂಡು ಮನೆ ಮನೆಗೂ ಹೋಗಿ ತೋರಿಸಿ ಬಂದಿದ್ದರು.

ಪಕ್ಕದ ಮನೆ ಪೆರ್ಲಾತ್‌ನದು. ನಲ್ಲಿ ರಿಪೇರಿಯವನು. ಅಪ್ಪನ ಜೊತೆ ಕಲ್ಲು ಹೊತ್ತು ಕಟ್ಟಿದ್ದ ಆ ಮನೆಯನ್ನು ಒಂದು ದಿನ ಕಂಪನಿಗೆ ಹಣ ಕಟ್ಟಲೆಂದು ಮಾರಲು ಹೊರಟ.

“ಒಂದೇ ವರ್ಷ ಅತ್ತೆ. ಆಮೇಲೆ ಮೂರು ಮಹಡಿ ಎಬ್ಬಿಸ್ತೀನಿ ನೋಡ್ತಿರಿ. ಅಲ್ಲೀವರೆಗೂ ಬಾಡಿಗೆ ಮನೆ.”

“ತಲೆ ಕೆಟ್ಟಿದೆಯೇನೋ? ನಾನು ಬಳೆ ಮಾರಿದೆ, ಬಳೆಯೊಳಗೆ ಯಾರೂ ಮಲಗಲ್ಲ. ನಿನ್ನ ಮಕ್ಕಳು ಎಲ್ಲಿ ಮಲಗ್ತಾರೆ?”

ಅವನು ಕೇಳಲಿಲ್ಲ. ಫಿಯೆರ್ ಊರಿನ ಯಾರೋ ಕೊಳ್ಳಲು ಬರುತ್ತಾನೆಂದು ತಿಳಿದಾಗ ಅತ್ತೆ ಹೇಳಿದರು: “ಹಾಗಾದ್ರೆ ನನಗೇ ಮಾರು. ಗೊತ್ತಿಲ್ದೋನ ಕೆಮ್ಮು ಗೋಡೆಯಾಚೆಯಿಂದ ಕೇಳ್ಕೊಂಡಿರೋಕೆ ನನ್ನ ಕೈಲಾಗಲ್ಲ.”

ಮಗ ಕಳಿಸಿದ್ದೆಲ್ಲ ಆ ಮನೆಗೆ ಹೋಯಿತು. ಬೀದಿಯೆಲ್ಲ ನಕ್ಕಿತು. ಹೊಸ ಜಾಕೆಟ್ ತೊಟ್ಟು ಬಂದ ಪೆರ್ಲಾತನೂ ಛೇಡಿಸಿದ: “ಹೇಗಿವೆ ನಿಮ್ಮ ಕಲ್ಲು? ಮರಿ ಹಾಕಿದ್ವಾ?”

ಜನವರಿಯಲ್ಲಿ ಕಂಪನಿಯ ಬಾಗಿಲು ಮುಚ್ಚಿತು, ಕಟ್ಟಿದ ಹಣವೆಲ್ಲ ಮುಳುಗಿತು. ಜನ ಮೊದಲು ಬಾಗಿಲು ಬಡಿದರು, ಆಮೇಲೆ ಕಲ್ಲು ತೂರಿದರು, ಮಾರ್ಚ್ ಹೊತ್ತಿಗೆ ಸೈನ್ಯದ ಉಗ್ರಾಣಗಳಿಂದ ಬಂದೂಕು ಹೊತ್ತು ತಂದರು. ಅತ್ತೆ ಬಳೆಗಾಗಿ ಒಂದು ದಿನ ಬಾಯಿಬಿಟ್ಟು ಅತ್ತು, ಮರುದಿನ ಯಂತ್ರದ ಮುಂದೆ ಕೂತರು.

ಬಾಡಿಗೆ ಕಟ್ಟಲಾಗದ ಪೆರ್ಲಾತ್ ಹೆಂಡತಿ ಮಕ್ಕಳೊಡನೆ ಭಾವಮೈದುನನ ಒಂದು ಕೋಣೆಗೆ ಸೇರಿಕೊಂಡ. ನಮ್ಮ ಬೀದಿಗೆ ಕಾಲಿಡುವುದನ್ನೇ ಬಿಟ್ಟ. ಅತ್ತೆ ಅವನು ಮಾರಿದ ಮನೆಯ ಬೀಗದ ಕೈ ಹಿಡಿದು ಅಲ್ಲಿಗೇ ಹೋದರು.

“ಮಾರಿದ್ದು ಮಾರಿದ್ದೇ,” ಎಂದ ಅವನು ತಲೆ ಎತ್ತದೆ. “ದಾನ ತಗೊಳ್ಳೋಕೆ ನಾನು ಭಿಕ್ಷುಕ ಅಲ್ಲ.”

ಮರುದಿನ ಖಾಲಿ ಬಿದ್ದಿದ್ದ ಪೆರ್ಲಾತ್‌ನ ಹಳೆಯ ಮನೆಯಿಂದ ಠಣ್ ಠಣ್ ಎಂದು ಸದ್ದು ಕೇಳಿ ಹೋಗಿ ನೋಡಿದೆ. ಅತ್ತೆ ಸುತ್ತಿಗೆ ಹಿಡಿದು ನೀರಿನ ಪೈಪಿಗೆ ಬಾರಿಸುತ್ತಿದ್ದರು!

“ಅತ್ತೆ, ಏನಿದು?”

“ಬಾಯಿ ಮುಚ್ಕೊಂಡು ಓಡು. ಮನೆ ತುಂಬ ನೀರು ಅಂತ ಪೆರ್ಲಾತ್‌ಗೆ ಹೇಳು. ಈ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಬೇರೆ ಯಾರಿಗೆ ಗೊತ್ತು?”

ಅವನು ಬಂದ, ಸರಿಮಾಡಿದ, ಅತ್ತೆ ಬಡಿಸಿದ ಸೊಪ್ಪು ತುಂಬಿದ ಬ್ಯುರೆಕ್ ಕಡುಬು ತಿಂದು ಹೋದ. ಮರುದಿನ ಬಚ್ಚಲು ಕಟ್ಟಿಕೊಂಡಿತು. ಒಳಗಿನಿಂದ ಅವನು ಎಳೆದು ತೆಗೆದದ್ದು ಅತ್ತೆಯ ಹೊಲಿಗೆಯ ಚಿಂದಿ. ಅದನ್ನು ಹಿಂಡಿ ಅತ್ತೆಯ ಮುಂದೆ ಹಿಡಿದ.

“ಈ ಗುಂಡಿನ ಸದ್ದಿಗೆ ನನಗೆ ಒಬ್ಬಳೇ ಇರೋಕೆ ಹೆದರಿಕೆ ಕಣೋ,” ಎಂದರು ಅತ್ತೆ. “ನೀವೆಲ್ಲ ಪಕ್ಕದಲ್ಲಿದ್ರೆ ನಿದ್ದೆ ಬರುತ್ತೆ.”

ಹಿಂದಿನ ವಾರವಷ್ಟೇ ಬಂದೂಕು ಹಿಡಿದು ರೊಟ್ಟಿಯ ಸಾಲಿಗೆ ನುಗ್ಗಿದವನ ಕಿವಿ ಹಿಂಡಿ ಹಿಂದಕ್ಕೆ ನಿಲ್ಲಿಸಿದ್ದ ಹೆಂಗಸು! ಅದು ಅವನಿಗೂ ಗೊತ್ತಿತ್ತು.

“ಎಷ್ಟು ದಿನ ಅತ್ತೆ?”

“ನನ್ನ ಹೆದರಿಕೆ ಹೋಗೋ ತನಕ.”

ಆ ಸಂಜೆಯೇ ಅವನ ಹೆಂಡತಿ ವಿಯೊಲ್ತ್ಸಾ ಹಾಸಿಗೆ ಸುತ್ತಿಕೊಂಡು ಬಂದಳು. ಗುಂಡಿನ ಸದ್ದು ಬೇಸಿಗೆ ಮುಗಿಯುವ ಹೊತ್ತಿಗೆ ಅಡಗಿತು. ಅತ್ತೆಯ ಹೆದರಿಕೆ ಮಾತ್ರ ಹೋಗಲೇ ಇಲ್ಲ.

ಪೆರ್ಲಾತ್ ಗ್ರೀಸ್‌ಗೆ ಕೆಲಸಕ್ಕೆ ಹೋದ; ಪ್ರತಿ ಸಲ ಬಂದಾಗಲೂ ಮನೆಯ ಬೆಲೆಯಲ್ಲಿ ಒಂದಿಷ್ಟು ತಂದುಕೊಟ್ಟ. ಅತ್ತೆ ಬೇಡವೆನ್ನದೆ ತೆಗೆದುಕೊಂಡರು. ಇವರಿಗೂ ದುಡ್ಡಿನಾಸೆ ಬಿಟ್ಟಿಲ್ಲವಲ್ಲ ಎಂದು ಬೀದಿಯಲ್ಲಿ ಒಬ್ಬಿಬ್ಬರು ಮೂಗು ಮುರಿದರು. ನಾನು ಅದನ್ನು ಹೇಳಿದಾಗ ಅತ್ತೆ ದಾರ ಕಚ್ಚಿ ತುಂಡರಿಸುತ್ತ ಅಂದರು:

“ಬೇಡ ಅಂದುಬಿಟ್ರೆ ಅವನು ತನ್ನ ಮನೇಲೇ ತಲೆ ತಗ್ಗಿಸ್ಕೊಂಡು ಓಡಾಡಬೇಕಾಗುತ್ತಲ್ಲೋ.”