ಟೈರನ್ನು ತಿಕ್ಕಿ ನೋಡಿದವರು

ಪುಣೆಯ ಬಿಬವೇವಾಡಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಬಟ್ಟೆ ವ್ಯಾಪಾರಿಯೊಬ್ಬರು ಏನೇ ಕೊಳ್ಳಲಿ, ಮೊದಲು ಎರಡು ಬೆರಳಿನ ನಡುವೆ ಹಿಡಿದು ತಿಕ್ಕುತ್ತಿದ್ದರು. "ಕೈಗೆ ಗೊತ್ತಾಗ್ತದ್ರಿ," ಎನ್ನುತ್ತಿದ್ದರು. ಬದನೆಕಾಯಿಗೂ ಹಾಗೇ ಅಂದದ್ದು ನೆನಪಿದೆ. ಅಥವಾ ಅದು ನಾನೇ ಆಮೇಲೆ ಸೇರಿಸಿಕೊಂಡದ್ದಿರಬಹುದು.

ದೂರ ಪ್ರಯಾಣಕ್ಕೆಂದು ಕೊಂಡ ದೊಡ್ಡ ಬೈಕಿಗೆ ಟೈರು ಹಾಕಿಸಲು ಒಮ್ಮೆ ನನ್ನನ್ನೂ ಕರೆದೊಯ್ದರು. ದೀಪಾವಳಿಗೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ವಿಜಾಪುರಕ್ಕೆ ಹೋಗುವುದು ಅವರ ಬಹುದಿನದ ಆಸೆ. ನಾನು ವೈನಿ ಎಂದು ಕರೆಯುತ್ತಿದ್ದ ಆಕೆಯ ಷರತ್ತು ಒಂದೇ: ಮೊದಲು ಘಾಟಿಯಾಚೆಯ ಸಾಸವಡದವರೆಗೆ ಕೂತು ನೋಡುತ್ತೇನೆ.

ಡಾಂಬರು ರಸ್ತೆಗೆ ಸಣ್ಣ ಗೆರೆಗಳ ಟೈರೇ ಸರಿ ಎಂದು ಅಂಗಡಿಯವನು ಮರಾಠಿಯಲ್ಲಿ ಹೇಳಿದ. ಇವರು ಅದನ್ನು ತಿಕ್ಕಿದರು. "ತೆಳು ಮಾಲ್ ಅದ. ಎರಡು ಒಗೆತಕ್ಕ ಹೋಗ್ತದ." ಕೊನೆಗೆ ಕಲ್ಲುದಾರಿಗೆಂದು ಮಾಡಿದ, ದಪ್ಪ ಹಲ್ಲುಗಳ ಟೈರು ಹಾಕಿಸಿದರು.

ವೈನಿಯನ್ನು ಕೂರಿಸಿಕೊಂಡು ಅವರು ಸಾಸವಡದ ದಾರಿ ಹಿಡಿದಾಗ ನಾನೂ ಸ್ಕೂಟರಿನಲ್ಲಿ ಅವರ ಹಿಂದೆ ಹೊರಟೆ. ಘಾಟಿಯುದ್ದಕ್ಕೂ ಆ ಟೈರು ಗುಂಯ್ಗುಟ್ಟಿತು. ನೆನಪು ಸದ್ದನ್ನು ದೊಡ್ಡದು ಮಾಡುತ್ತದೆ ಎಂದಿಟ್ಟುಕೊಂಡರೂ ಅದು ಸಣ್ಣ ಸದ್ದಲ್ಲ. ಸಾಸವಡದಲ್ಲಿ ವೈನಿ ಸೊಂಟ ಹಿಡಿದುಕೊಂಡು ಇಳಿದವರೇ ಹೆಲ್ಮೆಟ್ಟಿನ ಸಮೇತ ಪುಣೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು.

"ನಾಳೆನ ಬದಲ್ ಮಾಡಸ್ತೀನಿ, ಇಳದ್ ಬಾ," ಎಂದರು ಇವರು.

"ಹಿಟ್ಟಿನ ಗಿರಣಿ ಮ್ಯಾಲೆ ಕುಂತಂಗಾತು. ಆ ಅಂಗಡಿಯವ ಹೇಳಿದ್ದ ಹಾಕಸ್ರಿ ಮೊದಲ."

ಇವರು ಸೋತ ಮುಖದಲ್ಲಿ ಕಿಟಕಿಯತ್ತ ಕೈ ಚಾಚಿದರು. "ಹೆಲ್ಮೆಟ್ ಆದ್ರೂ ಕೊಡು. ಬಸ್ಸಿನ್ಯಾಗ ಅದ್ಯಾಕ?"

ವೈನಿ ಅದನ್ನು ಮಡಿಲಿಗೆ ಎಳೆದುಕೊಂಡರು. "ಇರ್ಲಿ ಬಿಡ್ರಿ. ವಿಜಾಪುರಕ್ಕ ಹೋಗೂಮುಂದ ಬೇಕಾಗ್ತದ."